ಬಳೆ ಅಂಗಡಿಯ ವಿಳಾಸ

ಮಸ್ಕಿಯ ಹೆಂಗಸರು ಹುಸೇನ್‌ಬೀಯ ಬಾಯಿಗೆ ಹೆದರುತ್ತಿದ್ದರು, ಅವಳ ಕೈಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದರು. ಹೊಲದ ಕೆಲಸಕ್ಕೆ ಗಡುಸಾದ ಕೈಯಿರಲಿ, ಬಸುರಿಯ ಊದಿದ ಕೈಯಿರಲಿ, ಹೆಬ್ಬೆರಳಿನ ಬುಡವನ್ನು ಮೆತ್ತಗೆ ಒತ್ತಿ, ಅದೂ ಇದೂ ಮಾತಾಡಿಸುತ್ತಲೇ ಗಾಜಿನ ಬಳೆಯನ್ನು ಸರಕ್ಕನೆ ದಾಟಿಸಿಬಿಡುತ್ತಿದ್ದಳು. ಚರ್ಮ ತರಚುತ್ತಿರಲಿಲ್ಲ, ಬಳೆ ಬಿರಿಯುತ್ತಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಗಂಡ ಲಾರಿಯಡಿ ಸತ್ತ. ಮಕ್ಕಳಿರಲಿಲ್ಲ. ಅವನ ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನ ಅಂಗಡಿಯ ಬಾಗಿಲು ತೆಗೆದು ಕೂತವಳು, ಐವತ್ತೆರಡಾಗುವವರೆಗೂ ಒಂದು ದಿನವೂ ಬಾಗಿಲು ಹಾಕಿದ್ದನ್ನು ಊರು ನೋಡಿರಲಿಲ್ಲ.

ಅಂಗಡಿ ಇದ್ದದ್ದು ಮಲ್ಲಿಕಾರ್ಜುನನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ. ಗೋಡೆಯಾಚೆ ಕರಿಬಸಯ್ಯನ ಅಂಗಡಿ. ಅವನು ವಿಭೂತಿ, ಕುಂಕುಮ, ಊದಿನಕಡ್ಡಿ, ತೆಂಗಿನಕಾಯಿ ಮಾರುತ್ತಿದ್ದ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಕಿಟ್ಲಿಯ ಚಹಾ ಕುಡಿದವರು. ಅವನು ಊಟಕ್ಕೆ ಹೋದರೆ ಅವನ ಗಿರಾಕಿಗೆ ಇವಳು ಕಾಯಿ ಕೊಡುವಳು. ಇವಳು ನಮಾಜಿಗೆ ಎದ್ದರೆ, "ಬರ್ತಾಳ, ಕುಂದರ್ರವ್ವಾ" ಎಂದು ಹೆಂಗಸರನ್ನು ಅವನು ಕೂರಿಸುವನು. ಅವನ ಒಬ್ಬಳೇ ಮಗಳು ಅಶ್ವಿನಿಯ ಕೈಗೆ ಮೊಟ್ಟಮೊದಲ ಬಳೆ ಇಟ್ಟವಳೂ ಹುಸೇನ್‌ಬೀ, ಅವಳ ಬಸುರಿನ ಕುಬಸದ ದಿನ ಮೊಣಕೈಯವರೆಗೆ ಹಸಿರು ಬಳೆ ತುಂಬಿದವಳೂ ಹುಸೇನ್‌ಬೀ.

ಅಂಗಡಿಗೆ ಕ್ಯಾಮೆರಾ ಹಾಕಿಸಿದ್ದು ಅವಳದೇ ಹಟ. ಹಬ್ಬದ ಗದ್ದಲದಲ್ಲಿ ಬಳೆಗಳು ಮಾಯವಾಗುತ್ತಿದ್ದವು. ಲಿಂಗಸುಗೂರಿನಲ್ಲಿ ಇದೇ ಕಸುಬು ಮಾಡುತ್ತಿದ್ದ ತಂಗಿಯ ಮಗ ನಿಯಾಜ್ ಬಂದು ಎರಡು ಕ್ಯಾಮೆರಾ ಕೂರಿಸಿದ. ಚಿತ್ರ ತುಂಬಿಟ್ಟುಕೊಳ್ಳುವ ಕಪ್ಪು ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಟ್ಟು ಇಂಟರ್ನೆಟ್ ಜೋಡಿಸಿದ. ಇನ್ನು ಮನೆಯಲ್ಲಿ ಕೂತು ಫೋನಿನಲ್ಲೇ ಅಂಗಡಿ ನೋಡಬಹುದು ಎಂದ.

"ಖಾಲಾ, ಪಾಸ್‌ವರ್ಡ್ ಏನಿಡಲಿ?"

"ನನಗೇನು ಓದಾಕ ಬರತೈತೇನು? ಒಂದು ಎರಡು ಮೂರು ಇಡು. ಮರೀಬಾರದು ನೋಡು."

ನಿಯಾಜ್ ಒಂದರಿಂದ ಆರರವರೆಗೆ ಒತ್ತಿ, ಚಹಾ ಕುಡಿದು ಹೋದ.

ಮೂರು ವಾರವಾಗಿರಲಿಲ್ಲ, ಗುರುಗುಂಟಾದಿಂದ ಬರುತ್ತಿದ್ದ ಕೂಲಿ ಹೆಂಗಸು ಆದಮ್ಮ ಒಂದು ಡಜನ್ ಬಳೆಯನ್ನು ಸೆರಗಿಗೆ ಸೇರಿಸಿದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಹುಸೇನ್‌ಬೀ ಬಾಯಿಬಿಡದೆ ಮುಂದಿನ ಸಂತೆಯವರೆಗೆ ಕಾದಳು. ಆದಮ್ಮ ಬಂದಾಗ ಕ್ಯಾಮೆರಾಕ್ಕೆ ಜೋಡಿಸಿದ್ದ ಟಿವಿಯನ್ನು ಬೀದಿಯ ಕಡೆ ತಿರುಗಿಸಿ, ಮಂದಿ ಕೂಡಿದ ಮೇಲೆ ಅದೇ ತುಣುಕನ್ನು ನಾಲ್ಕು ಸಲ ಹಾಕಿದಳು. ಆದಮ್ಮ ಕೈಮುಗಿದಳು, ಮಗಳಿಗೆಂದು ತಗೊಂಡೆ ಎಂದಳು, ಅತ್ತಳು.

"ನನ್ನ ಕಡಿ ನೋಡಿ ಅಳಬ್ಯಾಡ, ಅದರ ಕಡಿ ನೋಡು. ಮಷೀನು ಸುಳ್ಳು ಹೇಳಂಗಿಲ್ಲ," ಎಂದು ಹುಸೇನ್‌ಬೀ ಐದನೆಯ ಸಲ ಹಾಕಿದಳು. ಕರಿಬಸಯ್ಯ ಎದ್ದು ಬಂದು "ಸಾಕು ಬಿಡು ಬೀಬಿ, ಆಕಿನೂ ಮನಷ್ಯಾಳು" ಎನ್ನುವವರೆಗೆ ಬಿಡಲಿಲ್ಲ. ಆದಮ್ಮ ಮತ್ತೆ ಮಸ್ಕಿಯ ಸಂತೆಗೆ ಬರಲಿಲ್ಲ.

ಇದಾಗಿ ಮೂರು ವರ್ಷಕ್ಕೆ, ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಸುತ್ತಲಿನ ಹಳ್ಳಿಗಳು ಎಲ್ಲ ಒಮ್ಮೆಗೇ ನಿಂತವು. ಮತ್ತೆ ಬಂದದ್ದು ಸಂಜೆ ಏಳಕ್ಕೆ. ಅಶ್ವಿನಿ ಎಂಟು ದಿನದ ಹಿಂದೆ, ತಿಂಗಳು ತುಂಬುವ ಮೊದಲೇ ಹೆತ್ತಿದ್ದಳು. ಕೂಸು ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಬಿಸುಪು ಕಾಯುವ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಸ್ಪತ್ರೆಯ ಜನರೇಟರ್ ಮಧ್ಯಾಹ್ನ ಒಂದಕ್ಕೆ ನಿಂತಿತು. ನಾಲ್ಕಕ್ಕೆ ಕೂಸಿನ ಉಸಿರೂ ನಿಂತಿತು.

ಮರುದಿನ ಹುಸೇನ್‌ಬೀ ಕರಿಬಸಯ್ಯನ ಮನೆಗೆ ಹೋದಳು. ಅಶ್ವಿನಿಯ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ಹಿಂಡಿ ತೆಗೆದು, ಆ ಹಾಲನ್ನು ಯಾರ ಕಾಲಿಗೂ ಸಿಗದಂತೆ ಬೇವಿನ ಬುಡಕ್ಕೆ ಚೆಲ್ಲಿ ಬಂದವಳು ಅವಳೇ. ಐದು ದಿನ ಹಾಗೆ ಹೋಗಿಬಂದಳು.

ಆ ಕರೆಂಟು ತಾನಾಗಿ ಹೋದದ್ದಲ್ಲ ಎಂಬುದು ಊರಿಗೆ ಗೊತ್ತಾದದ್ದು ಆಮೇಲೆ. ವಿದ್ಯುತ್ ಹಂಚುವ ಕೇಂದ್ರದ ಕಂಪ್ಯೂಟರಿನೊಳಗೆ ಯಾರೋ ತಿಂಗಳುಗಟ್ಟಲೆ ಕೂತಿದ್ದರು. ದೂರದಿಂದ ಕೊಟ್ಟ ಅಪ್ಪಣೆಗೆ ಸ್ವಿಚ್ಚುಗಳು ಒಂದೊಂದಾಗಿ ಬಿದ್ದಿದ್ದವು. ಆ ಅಪ್ಪಣೆಗಳು ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ಹೋದ ತನಿಖೆಯವರಿಗೆ ಮೊದಲು ಸಿಕ್ಕ ಮನೆ ಯಾವುದು ಎಂದರೆ ಮಸ್ಕಿಯ ಬಳೆ ಅಂಗಡಿ. ಅಪ್ಪಣೆಗಳೆಲ್ಲ ಹುಸೇನ್‌ಬೀಯ ಕಪ್ಪು ಡಬ್ಬಿಯೊಳಗೆ ಹಾಯ್ದು ಬಂದಿದ್ದವು.

ಕರೆಂಟು ಹೋದ ಹದಿನೇಳನೆಯ ದಿನ ಜೀಪು ಬಂತು. ನಾಲ್ಕು ಜನ ಇಳಿದರು.

"ಈ ಡಬ್ಬಿ ಯಾರದು?"

"ನಂದ್ರಿ."

"ಇಂಟರ್ನೆಟ್ ಯಾರ ಹೆಸರಲ್ಲಿದೆ?"

"ನನ್ನ ಹೆಸರಿಗೇ ಐತ್ರಿ. ಯಾಕ್ರಿ ಸಾಹೇಬ್ರ, ಏನಾತ್ರಿ?"

ಹಿರಿಯ ಅಧಿಕಾರಿ ಹಲಗೆಯ ಕಡೆ ಕೈ ತೋರಿಸಿದ. ಡಬ್ಬಿಯನ್ನು ಇಳಿಸಿ ಚೀಲಕ್ಕೆ ಹಾಕಿ ಅರಗು ಒತ್ತಿದರು. ಅವಳನ್ನು ಜೀಪಿಗೆ ಹತ್ತಿಸಿದರು. ಕೈಗೆ ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸು ಒಂದು ಕೈ ತುಂಬಿ ಒಂದು ಕೈ ಬರಿದಾಗಿ ಹಾಗೇ ನಿಂತಿದ್ದಳು.

ಊರು ಬಿಡುವ ಮುಂಚೆ ಜೀಪು ಅಶೋಕನ ಶಾಸನದ ಬಂಡೆಯ ಹತ್ತಿರ ನಿಂತಿತು. ಇಷ್ಟು ದೂರ ಬಂದು ನೋಡದೆ ಹೋಗುವುದೇ ಎಂದು ಮೂವರು ಇಳಿದರು. ಒಬ್ಬ ಫಲಕ ಓದಿ, "ಅಪ್ಪಣೆ ಕೊಟ್ಟ ರಾಜ ಅಶೋಕನೇ ಅಂತ ಹೆಸರು ಸಿಕ್ಕಿದ್ದು ಇಲ್ಲಿಯ ಕಲ್ಲಿನಲ್ಲೇ ಅಂತೆ ಸಾರ್," ಎಂದ. ಒಬ್ಬರದೊಬ್ಬರು ಫೋಟೋ ತೆಗೆದುಕೊಂಡರು. ಕಿಟಕಿಯ ಗಾಜು ಏರಿಸಿದ ಜೀಪಿನಲ್ಲಿ, ಬಿಸಿಲಲ್ಲಿ, ಹುಸೇನ್‌ಬೀ ಮುಕ್ಕಾಲು ತಾಸು ಕೂತಳು. ನೀರು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಬದುಕಿನಲ್ಲಿ ಅದೇ ಮೊದಲು.

ಸಿಂಧನೂರಿನಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ರಾತ್ರಿ ಹೆಣ್ಣುಮಕ್ಕಳ ಆಶ್ರಯ ಕೇಂದ್ರದಲ್ಲಿ ಮಲಗಿಸಿ, ಬೆಳಿಗ್ಗೆ ಒಂಬತ್ತಕ್ಕೆ ಕರೆತಂದು ಕುರ್ಚಿಯ ಮೇಲೆ ಕೂರಿಸುವರು. ಯಾರೂ ಹೊಡೆಯಲಿಲ್ಲ. ಕೇಳಿದ್ದನ್ನೇ ಕೇಳಿದರು. ತಂಗಿಯ ಮಗಳು ಶಾಹೀಸ್ತಾ ದುಬೈಯಿಂದ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು, ಆ ಮಾತುಗಳನ್ನೂ ಕೇಳಿಸಿಕೊಂಡಿದ್ದರು.

"ಹೊರದೇಶದವರ ಜೊತೆ ನಿನಗೇನು ಮಾತು?"

"ಬಸರಿ ಅದಾಳ್ರಿ ಅಕಿ. ವಾಂತಿ ಆಗಾಕತ್ತೈತಿ, ಏನ್ ಮಾಡ್ಲಿ ಅಂತ ಕೇಳ್ತಾಳ್ರಿ."

"ವಾಂತಿ ಅಂದರೆ ಏನು?"

"ವಾಂತಿ ಅಂದ್ರ ವಾಂತಿರಿ."

"ಮೂರು ಸಲ ಆಯ್ತು ಅಂದಿದ್ದಾಳೆ. ಮೂರು ಅಂದರೆ ಏನರ್ಥ?"

ಹುಸೇನ್‌ಬೀಗೆ ನಗು ಬಂತು. ಅವಳು ನಕ್ಕಳು ಎಂದು ಅವರು ಬರೆದುಕೊಂಡರು.

ನಾಲ್ಕನೆಯ ದಿನ ಅವಳ ಮುಂದೆ ಕಾಗದದ ಕಟ್ಟು ಇಟ್ಟರು. ಅವಳ ಡಬ್ಬಿ ವಿದ್ಯುತ್ ಕೇಂದ್ರದ ಕಂಪ್ಯೂಟರಿನ ಜೊತೆ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಸಲ ಮಾತಾಡಿದೆ ಎಂಬುದೆಲ್ಲ ಅದರಲ್ಲಿತ್ತು. ಆ ಗುರುವಾರದ ಗೆರೆಯ ಮೇಲೆ ಕೆಂಪು ಬಣ್ಣ ಬಳಿದಿದ್ದರು. "ನೀನು ಹೇಳದಿದ್ದರೂ ಇದು ಹೇಳುತ್ತೆ. ಮಷೀನು ಸುಳ್ಳು ಹೇಳಲ್ಲ," ಎಂದ ಹಿರಿಯ ಅಧಿಕಾರಿ. ಆ ಮಾತು ಕಿವಿಗೆ ಬಿದ್ದದ್ದೇ ಹುಸೇನ್‌ಬೀಗೆ ಆದಮ್ಮನ ಮುಖ ಕಣ್ಣಿಗೆ ಬಂತು. ಆದರೆ ಆದಮ್ಮ ಕದ್ದಿದ್ದಳು. ತಾನು ಏನು ಮಾಡಿದ್ದೇನೆ ಎಂದು ಹುಡುಕಿ ಹುಡುಕಿ ಅವಳಿಗೆ ಏನೂ ಸಿಗಲಿಲ್ಲ.

ಆರನೆಯ ದಿನ ನಿಯಾಜ್ ಕೊಟ್ಟ ಹೇಳಿಕೆಯನ್ನು ಓದಿ ಹೇಳಿದರು. ಸುಲಭದ ಪಾಸ್‌ವರ್ಡ್ ಬೇಡವೆಂದು ತಾನು ತಿಳಿಹೇಳಿದೆ, ಖಾಲಾ ಕೇಳಲಿಲ್ಲ, ಒಂದು ಎರಡು ಮೂರೇ ಇರಲಿ ಎಂದು ಒತ್ತಾಯ ಮಾಡಿದಳು ಎಂದು ಅವನು ಸಹಿ ಹಾಕಿದ್ದ. ಮೊದಲರ್ಧ ಸುಳ್ಳು. ಎರಡನೆಯದು ಸುಳ್ಳು ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ.

ಒಂಬತ್ತನೆಯ ದಿನ ಬೇರೊಬ್ಬಳು ಬಂದಳು. ಕಂಪ್ಯೂಟರ್ ಬಲ್ಲ ಅಧಿಕಾರಿ, ವಯಸ್ಸು ಮೂವತ್ತರ ಒಳಗೆ, ಬೆಂಗಳೂರು ಕಡೆಯ ಮಾತು. ಬಾಗಿಲು ಮುಂದಕ್ಕೆ ಮಾಡಿ, ಹುಸೇನ್‌ಬೀಗೆ ನೀರು ಕೊಟ್ಟು, ಎದುರು ಕೂತಳು.

"ಅಮ್ಮಾ, ನೀವು ಮಾಡಿಲ್ಲ ಅಂತ ನಂಗೊತ್ತು. ನಿಮ್ಮ ಡಬ್ಬೀಲಿ ಬೇರೆ ಯಾರೋ ಕೂತಿದ್ರು. ಹಿಂದಕ್ಕೆ ಹೋದ್ರೆ ಇನ್ನೊಂದು ದೇಶದ ಕಾಲೇಜಿನ ಕಂಪ್ಯೂಟರು ಸಿಗುತ್ತೆ. ಅದರ ಹಿಂದೆ ಮತ್ತೊಂದು ದೇಶದ ಹೋಟೆಲಿನ ಕ್ಯಾಮೆರಾ. ಅವರಿಗೂ ಏನೂ ಗೊತ್ತಿಲ್ಲ, ನಿಮ್ಮ ಥರಾನೇ. ಅದರ ಹಿಂದೆ ಸುಳ್ಳು ಹೆಸರಲ್ಲಿ ಬಾಡಿಗೆಗೆ ತಗೊಂಡಿರೋ ಒಂದು ಮಷೀನು. ಅಲ್ಲಿಗೆ ದಾರಿ ಮುಗೀತು."

"ಹಂಗಾದ್ರ ಮಾಡಿದವರು ಯಾರವ್ವಾ?"

"ಇಷ್ಟು ತಾಳ್ಮೆಯಿಂದ ಇಂಥ ಕೆಲಸ ಮಾಡೋದು ಸಾಮಾನ್ಯ ಕಳ್ಳರಲ್ಲ. ಯಾವುದೋ ಒಂದು ದೇಶದ ಸರ್ಕಾರವೇ ಹಿಂದಿದೆ. ಯಾವುದು ಅಂತ ನಾವೂ ಅಂದ್ಕೊಂಡಿದೀವಿ. ಆದ್ರೆ ಅಂದ್ಕೊಂಡಿದ್ದನ್ನ ಬರೆಯೋಕಾಗಲ್ಲ. ಇನ್ನೊಂದು ದೇಶದ ಮೇಲೆ ಅನುಮಾನ ಬರಲಿ ಅಂತ ಬೇಕಂತಲೇ ಅವರ ಭಾಷೆಯ ಪದಗಳನ್ನ ಅಲ್ಲಲ್ಲಿ ಬಿಟ್ಟು ಹೋಗಿದ್ದಾರೆ. ತಪ್ಪು ದೇಶದ ಹೆಸರು ಹೇಳಿದ್ರೆ ದೊಡ್ಡ ಅನಾಹುತ ಆಗುತ್ತೆ. ಸರಿಯಾದ ದೇಶದ ಹೆಸರು ಹೇಳಿದ್ರೂ ಅವರು ಇಲ್ಲ ಅಂತಾರೆ."

ಹುಸೇನ್‌ಬೀ ಅವಳ ಬಳೆಯಿಲ್ಲದ ಕೈಗಳನ್ನು ನೋಡಿದಳು.

"ತಪ್ಪು ದೇಶದ ಹೆಸರು ಹೇಳಾಕ ನಿಮಗ ಅಂಜಿಕಿ ಐತಿ. ನನ್ನ ಹೆಸರು ಹೇಳಾಕ ಯಾಕ ಅಂಜಿಕಿ ಬರಲಿಲ್ಲವ್ವಾ?"

ಅಧಿಕಾರಿ ಲೋಟ ಎತ್ತಿಕೊಂಡು ಎದ್ದಳು. "ನಾನು ಹೇಳಿದ್ದನ್ನ ಹೊರಗೆ ಹೇಳಬೇಡಿ. ನೀವು ಹೇಳಿದ್ರೂ ನಾನು ಇಲ್ಲ ಅಂತೀನಿ," ಎಂದಳು.

ಅಷ್ಟರಲ್ಲಿ ಒಂದು ಸುದ್ದಿ ವಾಹಿನಿ ಹುಸೇನ್‌ಬೀಯ ಫೋಟೋ ಹಾಕಿ, "ಮಸ್ಕಿಯ ಬಳೆಗಾರ್ತಿ ಶತ್ರುದೇಶದ ಕೈಗೊಂಬೆಯೇ?" ಎಂದು ದಿನವಿಡೀ ಕೇಳಿತ್ತು. ಕಡೆಯಲ್ಲೊಂದು ಪ್ರಶ್ನೆಚಿಹ್ನೆ ಇತ್ತು. ಆ ತುಣುಕು ಫೋನಿಂದ ಫೋನಿಗೆ ಹಾರುವಾಗ ಪ್ರಶ್ನೆಚಿಹ್ನೆ ಉದುರಿಹೋಯಿತು. ಪಕ್ಕದಲ್ಲಿ ಅಶ್ವಿನಿಯ ಫೋಟೋ, ಬಟ್ಟೆ ಸುತ್ತಿದ ಕೂಸಿನ ಫೋಟೋ, ಹಿಂದೆ ಅಳುವ ಸಂಗೀತ. ಹನ್ನೆರಡನೆಯ ದಿನ ಅವರು ಬಿಟ್ಟು ಕಳಿಸಿದಾಗ ಮಸ್ಕಿಯಲ್ಲಿ ಬಸ್ಸಿನಿಂದ ಇಳಿದ ಹುಸೇನ್‌ಬೀಯನ್ನು ನೋಡಿ ಹಣ್ಣಿನ ಗಾಡಿಯವಳು ಮಗಳನ್ನು ಹಿಂದಕ್ಕೆಳೆದುಕೊಂಡಳು.

ಅಂಗಡಿ ತೆಗೆದಳು. ಒಳಗೆ ಧೂಳು ಹೊಡೆಯುತ್ತಿರುವಾಗ ಕರಿಬಸಯ್ಯ ಬಂದು ಮೆಟ್ಟಿಲ ಮೇಲೆ ನಿಂತ. ಹಿಂದೆ ಹತ್ತಿಪ್ಪತ್ತು ಜನ ಇದ್ದರು.

"ಸ್ವಾಮ್ಯಾರ, ಒಳಗ ಬರ್ರಿ," ಎಂದಳು. "ನನ್ನ ಮಾತೊಂದು ಕೇಳ್ರಿ."

ಅವನು ಒಳಗೆ ಬಂದ. ಇಪ್ಪತ್ತೆರಡು ವರ್ಷ ಜೋರಾಗಿ ಮಾತಾಡಿದವನಲ್ಲ. ಹಸಿರು ಬಳೆಯ ಪೆಟ್ಟಿಗೆಯನ್ನು ಇಳಿಸಿಕೊಂಡು, ಒಂದೊಂದು ಡಜನ್ ತೆಗೆದು ಅವಳ ಕಾಲ ಬಳಿ ನೆಲಕ್ಕೆ ಹೊಡೆಯತೊಡಗಿದ. ಅವಸರವಿರಲಿಲ್ಲ. ಒಂದು ಪೆಟ್ಟಿಗೆ ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದ. ಹುಸೇನ್‌ಬೀ ತಡೆಯಲಿಲ್ಲ, ಗಾಜು ಸಿಡಿದು ಅವಳ ಪಾದದಿಂದ ರಕ್ತ ಇಳಿಯುತ್ತಿತ್ತು. ಹೊರಗೆ ನಿಂತವರು ಫೋನು ಎತ್ತಿ ಹಿಡಿದಿದ್ದರು. ಕೈ ಸೋತಾಗ ಅವನು ಹೇಳಿದ:

"ಐದು ದಿನ ಬಂದು ನನ್ನ ಮಗಳ ಎದಿ ಹಾಲು ಹಿಂಡಿ ಚೆಲ್ಲಿದ್ಯಲ್ಲ ಬೀಬಿ. ಹೆಂಗ ಮನಸ್ಸು ಬಂತು?"

ಒಳ್ಳೆಯದು ಮಾಡಿದ್ದೂ ಅವಳ ಮೇಲೆ ಸಾಕ್ಷಿಯಾಗಿತ್ತು.

ಮೂರನೆಯ ದಿನ ಅಂಗಡಿಯ ಮಾಲೀಕ ದಸ್ತಗೀರ್‌ಸಾಬ್ ಬಂದ. ಜಮಾತಿನ ಹಿರಿಯ, ಅವಳ ಗಂಡನ ಗೆಳೆಯ. ಒಳಗೆ ಕಾಲಿಡಲಿಲ್ಲ.

"ಅಂಗಡಿ ಖಾಲಿ ಮಾಡವ್ವಾ. ನೀ ಮಾಡಿಲ್ಲಂತ ನನಗ ಗೊತ್ತೈತಿ. ಆದ್ರ ನಿನ್ನ ಸಲುವಾಗಿ ಇಡೀ ಓಣಿ ಮಂದಿ ತಲಿ ತಗ್ಗಿಸಿ ಓಡಾಡಾಕತ್ತಾರ. ಸಾಲಿಗೆ ಹೋದ ಹುಡುಗ್ರಿಗೆ ಏನೇನ್ ಅಂತಾರ ಗೊತ್ತೈತೇನು?"

"ಗೊತ್ತಿದ್ರ ನಾಕ್ ಮಂದಿ ಮುಂದ ಹೇಳ್ರಿ ಭಾಯ್, ನೀವು ಹೇಳಿದ್ರ ಕೇಳ್ತಾರ."

"ನಾ ಹೇಳಿದ್ರ ನನ್ನ ಮ್ಯಾಲೂ ಬರತೈತಿ," ಎಂದು ಅವನು ನಡೆದ.

ಅವಳು ಲಿಂಗಸುಗೂರಿನಲ್ಲಿ ಒಂದು ಕೋಣೆ ಹಿಡಿದಳು. ತಂಗಿ ದಾವಲ್‌ಬೀಯ ಮನೆ ಎರಡು ಓಣಿಯಾಚೆಯೇ ಇತ್ತು, ಆದರೆ ನಿಯಾಜ್ ಇರುವ ಮನೆಗೆ ಇವಳು ಹೋಗಲಿಲ್ಲ, ಅವರೂ ಕರೆಯಲಿಲ್ಲ. ತಿಂಗಳಿಗೊಮ್ಮೆ ಸಿಂಧನೂರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರಬೇಕಿತ್ತು. ಎರಡು ವರ್ಷ ಹಾಗೆ ಹೋಯಿತು. ಒಮ್ಮೆ ಆ ಕಂಪ್ಯೂಟರ್ ಅಧಿಕಾರಿಯನ್ನು ಕೇಳಿದಳು. ವರ್ಗವಾಗಿ ಹೋದಳು ಎಂದರು.

ಎರಡು ವರ್ಷ ಮೂರು ತಿಂಗಳಿಗೆ ಅವಳ ಮೇಲಿನ ವಿಚಾರಣೆ ಮುಗಿಸಿದ ಕಾಗದ ಕೈಗೆ ಬಂತು. ಕೊಟ್ಟ ಗುಮಾಸ್ತ, "ನೀ ಗೆದ್ದಿ ಬಿಡವ್ವಾ," ಎಂದ. ಅಷ್ಟನ್ನೇ ಕೇಳಿಕೊಂಡು ಅವಳು ಸಿಂಧನೂರಿನಿಂದ ಹೊರಟ ಮೊದಲ ಬಸ್ಸಿಗೇ ಮಸ್ಕಿಗೆ ಹೋದಳು. ಕರಿಬಸಯ್ಯನ ಅಂಗಡಿಯ ಮುಂದೆ ನಿಂತು ಕಾಗದವನ್ನು ಅವನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಗೋಡೆಯಾಚೆ ಈಗ ಮೊಬೈಲ್ ಅಂಗಡಿ ಇತ್ತು.

"ಓದ್ರಿ ಸ್ವಾಮ್ಯಾರ. ನನಗ ಓದಾಕ ಬರಂಗಿಲ್ಲ. ನೀವೇ ಓದಿ ಹೇಳ್ರಿ."

ಅವನು ಬಹಳ ಇಳಿದುಹೋಗಿದ್ದ. ಕನ್ನಡಕ ಹಾಕಿಕೊಂಡು ನಿಧಾನ ಓದಿದ. ದಾಳಿಯ ಹಿಂದೆ ಹೊರದೇಶದ ಕೈವಾಡದ ಶಂಕೆ ಇದೆ. ಯಾವ ದೇಶವೆಂದು ಖಚಿತಪಡಿಸಲು ಸಾಕಷ್ಟು ಪುರಾವೆ ದೊರೆತಿಲ್ಲ. ಸದರಿ ಹುಸೇನ್‌ಬೀ ಇವರ ಪಾತ್ರದ ಬಗ್ಗೆಯೂ ಸಾಕಷ್ಟು ಪುರಾವೆ ದೊರೆಯದ ಕಾರಣ ಇವರ ಮೇಲಿನ ಕ್ರಮ ಕೈಬಿಡಲಾಗಿದೆ.

"ಬೀಬಿ, ಇದರಾಗ ನೀ ಮಾಡಿಲ್ಲ ಅಂತ ಎಲ್ಲೂ ಬರದಿಲ್ಲ," ಎಂದ ಕರಿಬಸಯ್ಯ. "ಪುರಾವಿ ಸಿಕ್ಕಿಲ್ಲ ಅಂತ ಬರದೈತಿ. ಆ ದೇಶಕ್ಕೂ ಅದ ಮಾತು, ನಿನಗೂ ಅದ ಮಾತು."

"ನೀವು ನನ್ನ ಇಪ್ಪತ್ತೆರಡು ವರ್ಷ ನೋಡೀರಿ. ಕಾಗದ ಹೋಗ್ಲಿ, ನಿಮ್ಮ ಮನಸ್ಸು ಏನಂತೈತಿ, ಅಷ್ಟ ಹೇಳ್ರಿ."

ಅವನು ಕಾಗದವನ್ನು ಮಡಿಚಿದ್ದ ಗೆರೆಯ ಮೇಲೇ ಮತ್ತೆ ಮಡಿಚಿದ. ಮುಖ ಮೇಲೆತ್ತಲಿಲ್ಲ.

"ನೀ ಮಾಡಿಲ್ಲ. ನನಗ ಗೊತ್ತೈತಿ. ಬಳಿ ಒಡದು ಮನಿಗೆ ಹೋದ ದಿನಾನ ಗೊತ್ತಾಗಿತ್ತು."

ಹುಸೇನ್‌ಬೀ ಗಲ್ಲಾಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

"ಮತ್ತ ಯಾಕ ಸ್ವಾಮ್ಯಾರ? ಒಂದು ಮಾತು ಹೇಳಿದ್ರ..."

"ಹೇಳಿ ಏನ್ ಮಾಡ್ಲಿ? ಯಾವುದೋ ದೇಶ, ಯಾವನೋ ಒಬ್ಬ. ಅವನ ಮುಖ ನಾ ಸಾಯೋತನಕ ನೋಡಂಗಿಲ್ಲ. ಅಶ್ವಿನಿ ಮುಂಜಾನಿಂದ ಸಂಜಿತನ ಕೇಳ್ತಾಳ, ನನ್ನ ಕೂಸಿನ್ನ ಕೊಂದವರು ಯಾರಪ್ಪ ಅಂತ. ಗೊತ್ತಿಲ್ಲವ್ವಾ ಅಂತ ಹೆಂಗ ಹೇಳ್ಲಿ? ನಿನ್ನ ಹೆಸರು ಹೇಳಿದ್ರ ಅಕಿ ಒಂದು ಗಳಗಿ ಬೈತಾಳ, ಅಳ್ತಾಳ, ಆಮ್ಯಾಲ ಉಣ್ತಾಳ. ನಿನ್ನ ಬಿಟ್ರ ನನಗ ಯಾರೂ ಸಿಗಂಗಿಲ್ಲ ಬೀಬಿ."

ಕಾಯಿ ಕೊಳ್ಳಲು ಗಿರಾಕಿಯೊಬ್ಬ ಬಂದು ನಿಂತ. ಕರಿಬಸಯ್ಯ ಕಾಗದವನ್ನು ಅವಳ ಕಡೆ ಸರಿಸಿ, ಗಿರಾಕಿಗೆ ಕೇಳುವಂತೆ ಗಂಟಲೇರಿಸಿ, "ನಡಿ ಇಲ್ಲಿಂದ. ಇನ್ನೊಮ್ಮೆ ಈ ಓಣಿಗೆ ಬರಬ್ಯಾಡ," ಎಂದ.

ಅವಳು ನಡೆದಳು. ಬಸ್ ನಿಲ್ದಾಣದವರೆಗೆ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ಹೆಂಗಸರನ್ನೆಲ್ಲ ಹೆದರಿಸಿದ್ದ ಆ ಬಾಯಿ ಹೋಗೇ ಹೋಗಿತ್ತು.

ಅಂಗಡಿಯಿಲ್ಲದ ಮೇಲೆ ಉಳಿದದ್ದು ಬುಟ್ಟಿ. ಈಗ ಹುಸೇನ್‌ಬೀ ವಾರಕ್ಕೆ ಮೂರು ದಿನ ಬಳೆಬುಟ್ಟಿ ಹೊತ್ತು ಹಳ್ಳಿಗಳಿಗೆ ಹೋಗುತ್ತಾಳೆ. ಗುರುಗುಂಟಾದ ಕಡೆ ಹೋಗುವುದಿಲ್ಲ. ಅಲ್ಲಿ ಆದಮ್ಮ ಇದ್ದಾಳೆ. ಹೆಚ್ಚಾಗಿ ಸಂತೆಕಲ್ಲೂರಿನಲ್ಲಿ ಇಳಿಯುತ್ತಾಳೆ. ಮೊನ್ನೆ ಅಲ್ಲಿ ಬಸವಣ್ಣೆಮ್ಮ ಎಂಬ ಮುದುಕಿ ಮೊಮ್ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕರೆದಳು. ಹುಡುಗಿಯ ಕೈ ಗಡುಸು, ಆದರೂ ಒಂದು ಕೈಗೆ ಬಳೆಗಳು ಒಂದೊಂದಾಗಿ ನೋವಿಲ್ಲದೆ ಏರಿದವು. ಮುದುಕಿ ಬೆರಗಾಗಿ ನೋಡುತ್ತಿದ್ದಳು.

"ಎಂಥಾ ಕೈ ಬೇ ನಿಂದು! ಯಾವೂರಾಕಿ ನೀ?"

"ಚಿನ್ನದ ಗಣಿ ಹಟ್ಟಿಯಾಕಿರಿ."

"ಹೆಸರೇನು?"

"ಸುಲ್ತಾನಾ," ಎಂದಳು ಹುಸೇನ್‌ಬೀ, ತಡವರಿಸದೆ. ಹುಡುಗಿ ಫೋನು ತೆಗೆದು, ತನ್ನ ಕೈಯ ಜೊತೆ ಬಳೆಗಾರ್ತಿಯ ಫೋಟೋವನ್ನೂ ತೆಗೆಯುತ್ತೇನೆ ಎಂದಳು. ಹುಸೇನ್‌ಬೀ ಸೆರಗನ್ನು ಮುಖಕ್ಕೆಳೆದುಕೊಂಡು, ಎರಡನೆಯ ಕೈಗೆ ಬಳೆ ಇಡದೆಯೇ ಬುಟ್ಟಿ ಎತ್ತಿದಳು.